ಮಾಸ್ತರರ ಬಿ.ಪಿ. ಬಳೆ

"ಇಂದಿರಕ್ಕಾರ, ಪಟ್ಟಿ ಇಲ್ಲ, ಪಂಪ್ ಇಲ್ಲ, ಹೆದರಿಕಿನೂ ಇಲ್ಲ! ಬಳಿ ಏರಿಸ್ರಿ, ಮರತುಬಿಡ್ರಿ!"

ಪಕ್ಕದ ಮನೆಯ ಗುರುಸಿದ್ಧಪ್ಪ ಮಾಸ್ತರರು ಉಕ್ಕಿನ ಬಳೆಯೊಂದನ್ನು ನನ್ನ ಕೈಗೆ ಏರಿಸಿದರು. ಪಾಪ, ನನಗಾಗಿಯೇ ತಿಂಗಳುಗಟ್ಟಲೆ ಕೂತು ಮಾಡಿದ್ದು. ಕಣ್ಣಿನ ಪೊರೆ ತೆಗೆಸಲು ಎರಡು ಸಲ ಆಸ್ಪತ್ರೆಗೆ ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತಿದರೆ ಸಾಕು, ಗಾಬರಿಗೆ ನನ್ನ ಬಿ.ಪಿ. ಏರುತ್ತಿತ್ತು, ಎರಡು ಸಲವೂ ವಾಪಸು ಕಳಿಸಿದರು. ಮೂರನೆಯ ಸರದಿ ಇವತ್ತು ಮಧ್ಯಾಹ್ನ.

"ನೂರಾ ಇಪ್ಪತ್ತೆಂಟು, ಎಂಬತ್ತು!" ಎಂದಿತು ಬಳೆ.

"ಕೇಳಿದ್ರ್ಯಾ? ಮ್ಯಾಲಿಂದು ಗುಂಡಿಗಿ ಒತ್ತಿದಾಗಿಂದು, ಕೆಳಗಿಂದು ಅದು ಸಡಿಲಾದಾಗಿಂದು. ಏರಿದ್ರ ಬಳಿ ತುಸು ಬಿಗದು ಎಚ್ಚರಸ್ತದ."

"ಬಿಗೀತದ?"

ನೂರಾ ನಲವತ್ತು! ಬಳೆ ಬಿಗಿಯಿತು. ಬಿಗಿದದ್ದಕ್ಕೆ ಹೆದರಿದೆ. ನೂರಾ ಅರವತ್ತು! ಮತ್ತೆ ಬಿಗಿಯಿತು!

"ತಗೀರಿ ಇದನ್ನ!"

"ಶಾಂತ ಆಗ್ರಿ ಅಕ್ಕಾರ!" ಎಂದು ಮಾಸ್ತರರು ಕಿರುಚಿದರು. ನೂರಾ ಎಂಬತ್ತು!

ಸೋಪು, ಕೊಬ್ಬರಿ ಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಓಣಿಯಲ್ಲಿ ಹೊರಟಿದ್ದ ಬಳೆಗಾರ್ತಿ ಹಜರತ್‌ಬಿಯನ್ನು ಕೂಗಿ ಕರೆದರು. ಆಕೆ ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಬೆರಳು ಹಿಚುಕುತ್ತ ಕೇಳಿದಳು: "ಮೊಮ್ಮಗಳು ಹುಟ್ಟ್ಯಾಳಂತಲ್ರೀ ಬಾಯಾರ? ಯಾರ ಮೂಗು ಬಂದೈತ್ರಿ?"

ಮೂಗಿನ ವರ್ಣನೆ ಮುಗಿಯುವಷ್ಟರಲ್ಲಿ ನೂರಾ ಮೂವತ್ತು! ಬಳೆ ತಾನಾಗಿ ಜಾರಿತು. ಹಜರತ್‌ಬಿ ಅದನ್ನು ಮೇಜಿನ ಮೇಲಿಟ್ಟಳು. ಬಳೆ ನಾಡಿ ಹುಡುಕಿತು. ಮೇಜಿಗೆಲ್ಲಿಯ ನಾಡಿ!

"ಸೊನ್ನೆ, ಸೊನ್ನೆ. ಇಂದಿರಕ್ಕ ತೀರಿಕೊಂಡರು. ಎಲ್ಲರಿಗೂ ತಿಳಿಸಲಾಗಿದೆ" ಎಂದಿತು.

"ಎಲ್ಲಾರು ಅಂದ್ರ ಯಾರ್ರೀ ಮಾಸ್ತರ?"

"ನಿಮ್ಮ ಫೋನಿನ್ಯಾಗ ಇದ್ದವರು..." ಬಳೆಯನ್ನು ಮಾಸ್ತರರು ನನ್ನ ಫೋನಿಗೂ ಜೋಡಿಸಿದ್ದರು!

ಅರ್ಧ ತಾಸಿನಲ್ಲಿ ನನ್ನ ತಮ್ಮ ಶ್ರೀಪಾದ ಸೇವಂತಿಗೆ ಹಾರ ಹಿಡಿದು ಅಳುತ್ತ ಬಂದ. ಬಾಗಿಲು ತೆರೆದವಳು ನಾನೇ! ಹೊಸ್ತಿಲಲ್ಲೇ ಕುಸಿದ. ಅವನಿಗೆ ನೀರು ಕುಡಿಸುತ್ತಿದ್ದಾಗ ಆಸ್ಪತ್ರೆಯಿಂದ ಫೋನು: "ಸುದ್ದಿ ಕೇಳಿ ಭಾಳ ಕೆಟ್ಟನಿಸ್ತು. ಅಮ್ಮಾರ ಸರದಿ ಬ್ಯಾರೆಯವರಿಗೆ ಕೊಡೂಣೇನ್ರಿ?"

ಆಟೊ ಹಿಡಿದು ಓಡಿದೆ. ಹಜರತ್‌ಬಿ ತನ್ನ ವ್ಯಾಪಾರ ಬಿಟ್ಟು ಜೊತೆಗೆ ಬಂದಳು.

"ನಾ ಜೀವಂತ ಅದೀನ್ರೀ!" ಎಂದು ಡಾಕ್ಟರ ಮುಂದೆ ಕೂತೆ. ನರ್ಸು ಪಟ್ಟಿ ತಂದಳು. ಎದೆ ಹೊಡೆದುಕೊಳ್ಳತೊಡಗಿತು. ಹಜರತ್‌ಬಿ ನನ್ನ ಇನ್ನೊಂದು ಕೈ ಹಿಡಿದಳು. "ಮೂಗಾತು. ಕಣ್ಣು ಯಾರವ್ರೀ ಬಾಯಾರ?"

ನೂರಾ ಇಪ್ಪತ್ತೆಂಟು, ಎಂಬತ್ತು!

ಅವತ್ತೇ ಪೊರೆ ತೆಗೆದರು, ಈಗ ಎಲ್ಲ ನಿಚ್ಚಳವಾಗಿ ಕಾಣುತ್ತದೆ. ಆ ಬಳೆ ಮಾಸ್ತರರ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ನನಗೆಂದು ತಂದಿದ್ದ ಹಾರವನ್ನು ಅದಕ್ಕೇ ಹಾಕಿದ್ದೇವೆ.