ಕವಿಗಳ ಟಪಾಲು ಮತ್ತು ಧಾರವಾಡದ ಶನಿ

ಟಪಾಲಿಗೆ ಹಾಕಿದ ಪತ್ರವನ್ನು ವಾಪಸ್ ತರಿಸುವುದು ಹೇಗೆ ಎಂದು ನಮ್ಮ ಮೇಲಿನ ಮನೆಯ ಕವಿಗಳು ಒಂದು ದಿನ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. ಏನಾಗಿತ್ತು, ಹೇಳಿ ನೋಡೋಣ? ಪ್ರಕಾಶಕರಿಗೆ ಬೈದು ಬರೆದಿದ್ದರೇ? ಅದು ಅವರ ನಿತ್ಯಕರ್ಮ, ಅದನ್ನು ವಾಪಸ್ ಕೇಳಿದವರಲ್ಲ. ಪ್ರೇಮಪತ್ರವೇ? ಎಪ್ಪತ್ತು ದಾಟಿದವರು, ಹಾಗೇನಾದರೂ ಬರೆದಿದ್ದರೆ ಅಂಚೆಚೀಟಿ ನಾನೇ ಅಂಟಿಸಿಕೊಡುತ್ತಿದ್ದೆ. ನೀವು ಊಹಿಸುತ್ತಿರಿ, ಅಷ್ಟರಲ್ಲಿ ನಾನು ಮಿಕ್ಕದ್ದನ್ನು ಹೇಳುತ್ತೇನೆ. ಮೇಲಿನ ಮನೆಯಲ್ಲಿ ಪತ್ರ ಬರೆಯುವ ಕವಿ, ಕೆಳಗಿನ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತನಾದವನು ಇದ್ದರೆ ಇಂಥವು ಆಗುತ್ತಲೇ ಇರುತ್ತವೆ.

ಇಲಾಖೆ ಎಂದರೆ ನಾನು

ನಾನು ಮೈಸೂರಿನವನು. ಕೋಲ್ಕತ್ತಾಕ್ಕೆ ವರ್ಗವಾಗಿ ಬಂದು, ಲೇಕ್ ಗಾರ್ಡನ್ಸ್‌ನಲ್ಲಿ ಮನೆ ಹಿಡಿದು, ಇಲ್ಲೇ ನಿವೃತ್ತನಾದೆ. ಅಂಚೆ ಇಲಾಖೆಯಲ್ಲಿದ್ದೆನೇ ಹೊರತು ಅಂಚೆಯನ್ನು ಮುಟ್ಟಿದವನಲ್ಲ. ನನ್ನದು ಲೆಕ್ಕಪತ್ರದ ವಿಭಾಗ. ಇದನ್ನು ಕವಿಗಳಿಗೆ ಎಷ್ಟು ಸಲ ಹೇಳಿದರೂ ಅವರ ಪಾಲಿಗೆ ನಾನೇ ಇಲಾಖೆ. ಬೆಳಿಗ್ಗೆ ನಾನು ಹಾಲಿನ ಪಾಕೀಟು ತರಲು ಬಾಗಿಲು ತೆಗೆದರೆ ಮೇಲಿನ ಮೆಟ್ಟಿಲಿನಿಂದ ದನಿ ಬರುತ್ತಿತ್ತು.

"ಸಾಹೇಬ್ರ, ಟಪಾಲೇನರ ಬಂತೇನ್ರೀ?"

"ಕವಿಗಳೇ, ಪೋಸ್ಟ್‌ಮನ್ ಬರುವುದು ಮಧ್ಯಾಹ್ನ."

"ನಿಮ್ಮ ಇಲಾಖೆ ಇಷ್ಟು ನಿಧಾನ ಆದ್ರ ದೇಶ ಹ್ಯಾಂಗ ಮುಂದ ಬರ್ತೈತ್ರೀ?"

ಅವರಿಗೆ ಟಪಾಲು ಬರುತ್ತಿರಲಿಲ್ಲವೆಂದಲ್ಲ. ಪ್ರಕಾಶಕರದು ಬರುತ್ತಿತ್ತು, ಓದುಗರದು ಬರುತ್ತಿತ್ತು. ಅವರು ಕಾಯುತ್ತಿದ್ದದ್ದು ಒಂದೇ ಒಂದು ಕವರಿಗೆ. ಧಾರವಾಡದಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದರು, ನಿವೃತ್ತ ಮೇಷ್ಟ್ರು. ಕವಿಗಳ ಪ್ರತಿ ಪದ್ಯವನ್ನೂ ಮೊದಲು ಓದಿದವರು, ಮೊದಲು ಬೈದವರು. ಪ್ರತಿ ದಸರೆಗೂ ಅವರಿಂದ ಒಂದು ಕವರು ಬರುತ್ತಿತ್ತು, ಒಳಗೆ ನಾಲ್ಕು ಬನ್ನಿ ಎಲೆ, ಒಂದು ಸಾಲು: "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು." ಆ ಒಣಗಿದ ಎಲೆಗಳನ್ನು ಮೂಸಿ ಕವಿಗಳು ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಎರಡು ದಸರೆಯಿಂದ ಆ ಕವರು ನಿಂತುಹೋಗಿತ್ತು.

ನಿಲ್ಲಿಸಿದ್ದು ಇಲಾಖೆಯಲ್ಲ, ಕವಿಗಳೇ. ಅವರ ಕಡೆ ಬನ್ನಿಯನ್ನು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳಬೇಕು. ಪ್ರತಿ ವರ್ಷ ಗೆಳೆಯನಿಂದಲೇ ಬನ್ನಿ ಬರುತ್ತಿದೆಯಲ್ಲ ಎಂಬ ಹುರುಪಿನಲ್ಲಿ ಕವಿಗಳು ತಮ್ಮ ಹೊಸ ಸಂಕಲನವನ್ನು "ವರ್ಷವೂ ಬನ್ನಿ ಕಳಿಸುವ ನನ್ನ ಕಿರಿಯ ಗೆಳೆಯನಿಗೆ" ಅರ್ಪಿಸಿಬಿಟ್ಟರು. ಉತ್ತರ ಒಂದು ಕಾರ್ಡಿನಲ್ಲಿ ಬಂತು: "ಬನ್ನಿ ಗಿಡ ನನ್ನ ಊರಾಗ ಐತಿ ಅಂತ ಕಳಿಸ್ತಿದ್ದೆ. ಕಿರಿಯಾ ಅಂತ ಯಾರು ಹೇಳಿದ್ರು ನಿನಗ?"

ಅಷ್ಟೇ. ಅಲ್ಲಿಗೆ ಮುಗಿಯಿತು.

"ಅಲ್ಲ, ನಿಜವಾಗಿ ಯಾರು ದೊಡ್ಡವರು?" ಎಂದು ಕೇಳಿದೆ.

"ಅದ ನೋಡ್ರೀ ತ್ರಾಸು. ಸಾಲಿಗೆ ಹಾಕುವಾಗ ಹೆಡ್‌ಮಾಸ್ತರು ಇಬ್ಬರಿಗೂ ಜೂನ್ ಒಂದು ಅಂತ ಬರಕೊಂಡ್ರು. ನಮ್ಮವ್ವ ಅಂತಿದ್ಲು, ನಾ ಹುಟ್ಟಿದ್ದು ಶೀಗಿ ಹುಣ್ಣಿಮಿ ಹತ್ರ ಅಂತ. ಅವನವ್ವ ಅಂತಿದ್ಲು, ಅಂವ ಹುಟ್ಟಿದ್ದು ಅವರ ಎಮ್ಮಿ ಈದ ವಾರ ಅಂತ."

"ಎಮ್ಮೆ ಈದದ್ದು ಯಾವಾಗ?"

ಕವಿಗಳು ನನ್ನನ್ನು ಕನಿಕರದಿಂದ ನೋಡಿದರು. "ಎಮ್ಮಿದೂ ಜೂನ್ ಒಂದು ಅಂತ ಬರಸ್ಯಾರ್ರೀ."

ಮೇಲ್ ಮುಟ್ಟಿತೇ?

ಅದು ಎಲ್ಲರೂ ಕಂಪ್ಯೂಟರಿನ ಮುಂದೆ ಕೂತ ಕಾಲ. ಸಾಲ್ಟ್ ಲೇಕಿನ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಬೆಂಗಳೂರಿನ ಪ್ರಕಾಶಕರು ಕವಿಗಳಿಗೆ ಬರೆದರು: "ಇನ್ನು ಮುಂದೆ ಎಲ್ಲ ವ್ಯವಹಾರ ಇ-ಮೇಲ್‌ನಲ್ಲೇ."

ಲೇಕ್ ಮಾರ್ಕೆಟ್ ಬಳಿಯ ಸೈಬರ್ ಕೆಫೆಗೆ ನಾವಿಬ್ಬರೂ ಹೋದೆವು. ಕೈಬರಹದ ಪದ್ಯವನ್ನು ಸ್ಕ್ಯಾನ್ ಮಾಡಿಸಿ ಕಳಿಸಿದ್ದಾಯಿತು. ಕೆಫೆಯ ಯುವಕ "ಹೋಯ್ತು ದಾದು" ಎಂದ. ಕವಿಗಳು ಸ್ಕ್ಯಾನರಿನ ಮುಚ್ಚಳ ಎತ್ತಿ ನೋಡಿದರು.

"ಹೋಗಿಲ್ಲಲ್ಲೋ, ಕಾಗದ ಇಲ್ಲೇ ಬಿದ್ದೈತಿ."

ಮನೆಗೆ ಬಂದವರೇ ಒಂದು ಕಾರ್ಡು ಬರೆದು ಹಾಕಿದರು: "ತಮಗೊಂದು ಇ-ಮೇಲ್ ಕಳಿಸಿದ್ದೇನೆ. ಮುಟ್ಟಿದ್ದಕ್ಕೆ ತಿಳಿಸಿರಿ." ವಾರದ ಮೇಲೆ ಪ್ರಕಾಶಕರ ಕಾರ್ಡು ಬಂತು: "ತಮ್ಮ ಇ-ಮೇಲ್ ಮುಟ್ಟಿತು. ಮುಟ್ಟಿದೆ ಎಂದು ಅಂದೇ ಇ-ಮೇಲ್ ಮಾಡಿದ್ದೆವು. ಅದು ಮುಟ್ಟಿತೇ, ತಿಳಿಸಿರಿ." ಕವಿಗಳು ಮತ್ತೊಂದು ಕಾರ್ಡು ತೆಗೆದರು.

ಇ-ಮೇಲ್ ಬಂದು ಇಲಾಖೆ ಮುಳುಗಿತು ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೊರಗುತ್ತಾರೆ. ನಾನಂತೂ ಒಪ್ಪುವುದಿಲ್ಲ. ಆ ವರ್ಷ ನಮ್ಮ ಕಟ್ಟಡದಲ್ಲಿ ಕಾರ್ಡಿನ ಖರ್ಚು ದುಪ್ಪಟ್ಟಾಗಿತ್ತು.

ಮಿಸ್ಡ್ ಕಾಲ್

ಜೋಕಾದ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಕನ್ನಡದ ಹುಡುಗಿ ಕವಿಗಳಿಗೆ ಪತ್ರ ಬರೆದಳು. ಅಪ್ಪ ರೈಲ್ವೆಯವರು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಓದಲು ಬಾರದು. ಅಪ್ಪ ಓದಿ ಹೇಳಿದ ಪದ್ಯ ಹಿಡಿಸಿತಂತೆ. ಒಂದು ಭಾನುವಾರ ಸಂದೇಶ್ ಮಿಠಾಯಿಯ ಪೊಟ್ಟಣ ಹಿಡಿದು ಬಂದೇಬಿಟ್ಟಳು. ಪದ್ಯ ಯಾವುದೆಂದರೆ, ಬಾರದ ಓಲೆಗಾಗಿ ಕಿಟಕಿಯಲ್ಲಿ ಕೂತು ಕಾಯುವ ಒಬ್ಬಾಕೆಯದು.

"ಅಂಕಲ್, ಪೋಯಮ್ ಸೂಪರ್. ಬಟ್ ಒಂದು ಡೌಟ್. ಅವಳು ಅಷ್ಟೊಂದು ಯಾಕೆ ಅಳ್ತಾಳೆ? ಒಂದು ಮಿಸ್ಡ್ ಕಾಲ್ ಕೊಡಬಹುದಲ್ವಾ?"

ನಾನು ನಕ್ಕೆ. ಕವಿಗಳು ನಗಲಿಲ್ಲ. ಅವಳು ಹೋದ ಮೇಲೆ ಅಂಗಿ ಹಾಕಿಕೊಂಡು, "ಬರ್ರಿ ಸಾಹೇಬ್ರ, ಅಡ್ಡಾಡಿ ಬರೂಣು" ಎಂದರು. ಅಡ್ಡಾಡಿದ್ದು ನೇರವಾಗಿ ಲೇಕ್ ಗಾರ್ಡನ್ಸ್ ಸ್ಟೇಷನ್ ಪಕ್ಕದ ಎಸ್‌ಟಿಡಿ ಬೂತಿಗೆ. ಮನೆಯ ಫೋನಿನಿಂದ ಮಾಡಿದರೆ ನಾವೆಲ್ಲ ವೈನಿ ಎಂದು ಕರೆಯುವ ಅವರ ಹೆಂಡತಿ ನಗುತ್ತಾರಂತೆ.

ಧಾರವಾಡದ ನಂಬರು ಅವರಿಗೆ ಬಾಯಿಪಾಠ. ಒಂದು ರಿಂಗ್, ಎರಡು ರಿಂಗ್. ಇಟ್ಟುಬಿಡಿ ಎಂದು ಸನ್ನೆ ಮಾಡಿದೆ. ಇಡಲಿಲ್ಲ. ಆ ಕಡೆ ಯಾರೋ ಎತ್ತಿ "ಹಲೋ" ಎಂದರು. ಕವಿಗಳು ಬಾಯಿ ಬಿಗಿಹಿಡಿದು ನಿಂತರು. "ಹಲೋ? ಹಲೋ?" ನಿಧಾನವಾಗಿ ಫೋನ್ ಇಟ್ಟರು.

"ಆರಾಮ ಅದಾನ" ಎಂದರು. "ದನಿ ಗಟ್ಟಿ ಐತಿ." ಕಟ್ಟಡದ ಗೇಟಿನ ಹತ್ತಿರ ಬಂದಾಗ, "ಸ್ವಲ್ಪ ಕೆಮ್ಮಿದನಲ್ರೀ? ನಿಮಗ ಕೇಳಿಸ್ತೇನು?" ಎಂದರು. ಫೋನ್ ಅವರ ಕಿವಿಯಲ್ಲಿತ್ತು, ನನಗೆ ಹೇಗೆ ಕೇಳಿಸಬೇಕು? "ಇಲ್ಲ, ಕೆಮ್ಮಲಿಲ್ಲ" ಎಂದು ಹೇಳಿದೆ. ಸಮಾಧಾನವಾಯಿತು.

ಆಮೇಲೆ ಪ್ರತಿ ಭಾನುವಾರ ಇದೇ ಆಯಿತು. ಒಂದು ಭಾನುವಾರ ಆ ಕಡೆಯ ದನಿ ಬೂತಿನ ಹೊರಗಿದ್ದ ನನಗೂ ಕೇಳುವಷ್ಟು ಏರಿತು: "ಯಾವನಲೇ ಅಂವ ಮಂಗ್ಯಾನಮಗ!" ಕವಿಗಳು ಫೋನ್ ಇಟ್ಟು ಹೊರಗೆ ಬಂದರು. ಮುಖ ಅರಳಿತ್ತು, ಕಣ್ಣು ಒದ್ದೆ.

"ಸಾಹೇಬ್ರ, ಗುರುತು ಹಿಡದಾನ! ಹಂಗ ಅಂವ ಬೈಯೋದು ನನಗೊಬ್ಬನಿಗೇ!"

ಹೂವಿನಂಗಡಿಯಲ್ಲಿ

ಮತ್ತೆ ದಸರೆ ಹತ್ತಿರ ಬಂತು. ನಮ್ಮ ಪಾಡಾದಲ್ಲಿ, ಅಂದರೆ ನಮ್ಮ ಓಣಿಯಲ್ಲಿ, ಪೂಜೆಯ ಪೆಂಡಾಲಿಗೆ ಬಿದಿರು ಬಂದು ಬಿತ್ತು. ಕವಿಗಳ ಊಟ ಕಡಿಮೆಯಾಯಿತು. ಒಂದು ಬೆಳಿಗ್ಗೆ ಟಪಾಲು ಕೇಳುವ ಬದಲು ಬೇರೇನೋ ಹೇಳಿದರು.

"ಸಾಹೇಬ್ರ, ಎಷ್ಟು ದಸರಾ ಉಳದಾವ್ರೀ ನಮಗ? ನಾನ ಕಿರಿಯಾಂವ ಆಗ್ತೀನಿ. ಬನ್ನಿ ನಾನ ಕಳಸ್ತೀನಿ."

ಕೋಲ್ಕತ್ತಾದಲ್ಲಿ ಬನ್ನಿ ಎಲ್ಲಿ ಸಿಗಬೇಕು? ಲೇಕ್ ಮಾರ್ಕೆಟ್ಟಿನ ನಮ್ಮವರ ಅಂಗಡಿಗಳಲ್ಲಿ ಕರಿಬೇವುಂಟು, ವೀಳ್ಯದೆಲೆಯುಂಟು, ಬನ್ನಿ ಇಲ್ಲ. ಕೊನೆಗೆ ಹೂವು ಮಾರುವ ಒಬ್ಬ ಮುದುಕನಿಗೆ ಶಮೀಪತ್ರೆ ಎಂದು ನನ್ನ ಬಂಗಾಳಿಯಲ್ಲಿ ವಿವರಿಸಿದೆ. ಅವನ ಮುಖ ಗಂಭೀರವಾಯಿತು. ಇಲ್ಲಿ ಆ ಎಲೆ ಕೇಳುವವರು ಹೆಚ್ಚಾಗಿ ಶನಿಪೂಜೆಯವರು. ಬುಟ್ಟಿಯ ತಳದಿಂದ ಒಂದು ಕಟ್ಟು ತೆಗೆದು, ಕವಿಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

"ಶನಿಯ ಕಾಟ ಬಹಳವೇ, ದಾದಾ?"

ನಾನು ಅನುವಾದಿಸಿದೆ. ಕವಿಗಳು ಎಲೆಗಳನ್ನು ಮೂಗಿಗೆ ಹಿಡಿದುಕೊಂಡೇ ಹೇಳಿದರು: "ಹೌದಂತ ಹೇಳ್ರೀ. ಧಾರವಾಡದ ಶನಿ. ಎರಡು ವರ್ಷ ಆತು, ಕಾಡವಲ್ದು, ಅದ ನನ್ನ ಕಾಟ."

ಎಲೆಯ ಜೊತೆ "ನಿನ್ನ ಕಿರಿಯ ಗೆಳೆಯನ ಸಾಷ್ಟಾಂಗ ನಮಸ್ಕಾರ" ಎಂದು ಬರೆದು, ಪೂಜೆಯ ರಜೆಗೆ ಮೊದಲೇ ಮುಟ್ಟಲೆಂದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಕೌಂಟರಿನವರಿಗೆ, "ಸಾವಕಾಶ ಹಾಕ್ರೀ, ಒಳಗ ನನ್ನ ಮಾನ ಐತಿ" ಎಂದು ಕನ್ನಡದಲ್ಲೇ ಹೇಳಿ ಬಂದರು.

ಬಿಜೊಯಾ

ದಶಮಿಯ ದಿನ ಬಂಗಾಳಿಗಳಲ್ಲಿ ಕಿರಿಯರೆಲ್ಲ ಹಿರಿಯರ ಮನೆಗೆ ಬಂದು, "ಶುಭೋ ಬಿಜೊಯಾ" ಎಂದು ಕಾಲು ಮುಟ್ಟುತ್ತಾರೆ. ಹಿರಿಯರು ಸಿಹಿ ಕೊಡುತ್ತಾರೆ. ಕವಿಗಳು ಪಾಡಾಕ್ಕೇ ಹಿರಿಯರು. ಅವತ್ತು ಅವರ ಬಾಗಿಲು ಮುಚ್ಚುವುದಿಲ್ಲ. ಕುರ್ಚಿಯಲ್ಲಿ ಕೂತಿದ್ದರು, ಬಂದವರು ಬಗ್ಗುತ್ತಿದ್ದರು, ಕವಿಗಳು ತಲೆ ಮುಟ್ಟಿ, "ಚೆನ್ನಾಗಿರು, ಮನಸ್ಸಿಟ್ಟು ಓದು" ಎಂದು ಬಂಗಾಳಿಯಲ್ಲಿ ಹರಸುತ್ತಿದ್ದರು, ನಾನು ಕೊಬ್ಬರಿ ಉಂಡೆ ಹಂಚುತ್ತಿದ್ದೆ. ಆದರೆ ಅವರ ಮನಸ್ಸು ಅಲ್ಲಿರಲಿಲ್ಲ. ಕವರು ಮುಟ್ಟಿತೋ ಇಲ್ಲವೋ, ಫೋನಾದರೂ ಬರಬಾರದೇ ಎಂದು ಕಣ್ಣೆಲ್ಲ ಫೋನಿನ ಮೇಲೆ. ಯಾರು ಬಗ್ಗಿದರು ಎಂದು ನೋಡುತ್ತಲೇ ಇರಲಿಲ್ಲ.

ಆಗ ಒಂದು ಬಿಳಿಯ ತಲೆ ಬಗ್ಗಿತು. ಕವಿಗಳು ಫೋನನ್ನೇ ನೋಡುತ್ತ ಆ ತಲೆಯ ಮೇಲೂ ಕೈಯಿಟ್ಟು ಹೇಳಿದರು: "ಭಾಲೋ ಥೇಕೊ ಬಾಬಾ, ಮನ್ ದಿಯೆ ಪೊಡಾಶೊನಾ ಕೊರೊ."

ತಲೆ ಮೇಲೆದ್ದಿತು. "ಏನಂದಿ?"

ನಾನು ಬಾಯಿ ಹಾಕಿದೆ: "ಮನಸ್ಸಿಟ್ಟು ಓದು ಅಂದರು."

"ಯಾವನಲೇ ಅಂವ, ನನಗ ಓದು ಅನ್ನಾಂವ! ಸಾಲ್ಯಾಗ ನಾಕನೇತ್ತದಾಗ ನನ್ನ ಪಾಟಿ ನೋಡಿ ಕಾಪಿ ಹೊಡದ ಮಗ!"

ಕವಿಗಳು ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತುಬಿಟ್ಟರು. ಕಡೆಗೆ ಬಂದ ಮಾತು ಇಷ್ಟೇ: "ಕೆಮ್ಮು ಹ್ಯಾಂಗ ಐತಿ?"

"ಕೆಮ್ಮು ಅಂತ, ಕೆಮ್ಮು! ಪ್ರತಿ ಐತವಾರ ಫೋನ್ ಹಚ್ಚಿ ಮೂಕರಂಗ ನಿಂದರತಿದ್ದಿ. ನೀ ಬಾಯಿ ಮುಚ್ಚಿದ್ದಿ, ನಿಮ್ಮ ಸ್ಟೇಷನ್ನು ಮುಚ್ಚಿತ್ತೇನು? ಬಜ್‌ಬಜ್ ಲೋಕಲ್ ಬರಾಕತ್ತೈತಿ ಅಂತ ಹಿಂದ ಒದರ್ತಿತ್ತು. ಬಜ್‌ಬಜ್ ಲೋಕಲ್ ಧಾರವಾಡಕ್ಕ ಯಾವಾಗಿಂದ ಬರ್ತೈತಿ?"

ಧಾರವಾಡದ ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದರು. ಬನ್ನಿ, ರೈಲಿನಲ್ಲಿ ಎರಡು ರಾತ್ರಿ ಕಳೆದು ಬಾಡಿದ ಬನ್ನಿ. "ತಗೋ. ವಾದ ಸಾಕು. ನಾನ ಕಿರಿಯಾಂವ. ಬಂಗಾರದ್ಹಂಗ ಇರೂಣು."

ಕವಿಗಳು ಎರಡೂ ಕೈ ಚಾಚಿ ತೆಗೆದುಕೊಂಡರು. ಮುಖದಲ್ಲಿ ಎಂಥ ಬೆಳಕು! ಮರುಗಳಿಗೆಯೇ ಆ ಬೆಳಕು ಆರಿತು. ಏಕೆಂದರೆ ಗೆಳೆಯರು ವೈನಿಯ ಕಡೆ ತಿರುಗಿ ಹೇಳುತ್ತಿದ್ದರು: "ಮುಟ್ಟೀನಿ ಅಂತ ಬಾಜೂ ಮನ್ಯಾಂವಗ ಒಂದು ಫೋನ್ ಹಚ್ಚಿ ಕೊಡ್ರಿ. ಕೀಲಿ ಅವನ ಕಡೆ ಐತಿ, ನನ್ನ ಟಪಾಲೂ ಅವನ ತಗೋತಾನ."

ಕವಿಗಳು ನನ್ನನ್ನು ಅಡುಗೆಮನೆಗೆ ಎಳೆದದ್ದು ಆಗ.

"ಸಾಹೇಬ್ರ, ಆ ಕವರು ವಾಪಸ್ ತರಸಾಕ ಬರ್ತೈತೇನ್ರೀ? ಅಂವ ತಾನಾಗೇ ಕಿರಿಯಾ ಆಗ್ಯಾನ! ಸುಮ್ಮನ ನಾ ಯಾಕ ಆಗಬೇಕು?"

"ವಿಳಾಸದಾರರಿಗೆ ಮುಟ್ಟುವ ಮೊದಲು ಅರ್ಜಿ ಕೊಟ್ಟರೆ ಪ್ರಯತ್ನಿಸಬಹುದು."

"ಬರೀರಿ ಲಗೂನ!"

"ಇವತ್ತು ರಜೆ, ಕವಿಗಳೇ."

"ಏನ್ ಇಲಾಖೆರೀ ನಿಮ್ದು!"

ಹಜಾರದಲ್ಲಿ ಫೋನ್ ನಡೆದಿತ್ತು. "ಹೂಂ, ಮುಟ್ಟೀನಪಾ. ಏನು, ಟಪಾಲಾ? ನಾ ಸ್ಟೇಷನ್ನಿಗೆ ಹೋದ ಮ್ಯಾಲೆ ಬಂತಾ? ಒಡಿ, ಓದು." ಕವಿಗಳು ನನ್ನ ತೋಳು ಹಿಡಿದು ನಿಂತಿದ್ದರು. ಫೋನ್ ಇಟ್ಟ ಸದ್ದು. ಆಮೇಲೆ ಆ ಗಟ್ಟಿ ದನಿ ಮೆತ್ತಗಾಗಿ ಬಂತು:

"ಲೇ ಕಿರಿಯಾ. ಹೊರಗ ಬಾ."

ಹೊರಗೆ ಹೋದರು. "ಬಗ್ಗು" ಎಂದರು ಗೆಳೆಯರು. ಕಣ್ಣೊರೆಸಿಕೊಳ್ಳುತ್ತಲೇ ಎಂದರು.

"ಮೊದಲ ಬಗ್ಗಿದಾಂವ ನೀನು."

"ಮೊದಲ ಬರದಾಂವ ನೀನು."

ವೈನಿ ಸೌಟು ಹಿಡಿದು ಬಂದರು. "ಇಬ್ರೂ ಕೂಡೇ ಬಗ್ರಿ. ಉಪ್ಪಿಟ್ಟು ಆರಾಕತ್ತೈತಿ."

ಇಬ್ಬರೂ ಒಟ್ಟಿಗೆ ಬಗ್ಗಿದರು, ಒಬ್ಬರ ಕಾಲನ್ನೊಬ್ಬರು ಮುಟ್ಟಿದರು. ಮುಟ್ಟಿದವರು ಏಳಲಿಲ್ಲ. ಭಾವ ಉಕ್ಕಿತೆಂದು ನಾನು ಗೌರವದಿಂದ ಕಾದೆ. ಆಮೇಲೆ ತಿಳಿಯಿತು, ನಾಲ್ಕು ಮೊಣಕಾಲೂ ಹಿಡಿದುಕೊಂಡಿದ್ದವು. ಎತ್ತಲು ಹೋದರೆ ಕವಿಗಳು ಬಾಗಿದಲ್ಲಿಂದಲೇ ನನ್ನನ್ನು ಗದರಿಸಿದರು: "ಸ್ವಲ್ಪ ತಡೀರಿ ಸಾಹೇಬ್ರ. ಮೊದಲ ಯಾರು ಏಳ್ತಾರ ನೋಡೂಣು. ಅಂವ ಕಿರಿಯಾ!"

ಅಂದು ಎರಡು ಸಾವಿರದ ಆರನೆಯ ಇಸವಿ, ಅಕ್ಟೋಬರ್ ಎರಡು, ಸೋಮವಾರ; ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ ಬಿದ್ದು, ಇಲಾಖೆಯವರಿಗೆಲ್ಲ ಒಂದು ರಜೆ ನಷ್ಟವಾದ ದಿನ.