ಹೆಣ್ಣು ನೋಡಲು ಬಂದವರಿಗೆ ನೀರಿನ ಪಾಠ

ಏನು ಕೆಲಸ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟೀಚರು, ನರ್ಸು, ಕಂಡಕ್ಟರು, ಇಷ್ಟು ಹೇಳಿ ಅವರು ಕಾಫಿ ಕುಡಿಯುತ್ತಾರೆ. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಕಾಫಿ ಆರಿ ಕೆನೆ ಕಟ್ಟಿರುತ್ತದೆ, ಕೇಳಿದವರು ಎದ್ದು ಹೋಗಿರುತ್ತಾರೆ. ನಾನು ಲೇಸರ್ ಬೆಳಕಿನಿಂದ ನೀರಿನ ಕಣಗಳನ್ನು ನೋಡುವವಳು. ಆ ಕಣಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುತ್ತವೆ. ಬಂಧವೋ, ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆ ಸಲ ಕಡಿದು ಕೂಡುವಂಥದ್ದು. ಅದನ್ನು ಹಿಡಿಯಬೇಕಾದರೆ ಲೇಸರಿನ ಮಿಂಚೂ ಅಷ್ಟೇ ಚುರುಕಾಗಿರಬೇಕು.

ತರೀಕೆರೆಯ ನಮ್ಮ ಮನೆಗೆ ಅಜ್ಜಂಪುರದವರು ಹೆಣ್ಣು ನೋಡಲು ಬರುವ ದಿನ ಅಪ್ಪ ಮೊದಲೇ ಎಚ್ಚರಿಸಿದ್ದರು: "ಏನ್ ಕೆಲ್ಸ ಅಂದ್ರೆ ಸಂಶೋಧನೆ ಅನ್ನು, ಅಷ್ಟಕ್ಕೇ ಬಾಯ್ ಮುಚ್ಕೋ." ಹಾಗೆಯೇ ಮಾಡಿದೆ. ಆದರೆ ಹುಡುಗನ ಸೋದರತ್ತೆ ಪುಟ್ಟಮ್ಮನವರು ಚಕ್ಕುಲಿ ಕೆಳಗಿಟ್ಟು, "ಏನ್ ಸಂಶೋಧನೆ ಕಣವ್ವಾ, ಬಿಡ್ಸಿ ಹೇಳು" ಎಂದುಬಿಟ್ಟರು. ಕೇಳುವವರು ಸಿಕ್ಕರೆ ನನಗೆ ಮೈಮರೆವು.

"ನೀರಲ್ಲಿ ಒಂದೊಂದ್ ಕಣಾನೂ ಪಕ್ಕದ್ದರ ಕೈ ಹಿಡ್ಕೊಂಡಿರುತ್ತಮ್ಮಾ. ತಟ್ಟಂತ ಬಿಡುತ್ತೆ, ಇನ್ನೊಂದರ ಕೈ ಹಿಡಿಯುತ್ತೆ. ಅದನ್ನೂ ಬಿಡುತ್ತೆ."

"ಹಿಡಿದ್ ಕೈನ ಬಿಡುತ್ತಾ?"

"ಬಿಡ್ಲೇಬೇಕು. ಬಿಡದೆ ಹಿಡ್ಕೊಂಡೇ ಇದ್ರೆ ಅದು ನೀರಲ್ಲ, ಮಂಜುಗಡ್ಡೆ!"

ಒಳಗೆ ಅಮ್ಮನ ಕೈಯಿಂದ ಲೋಟ ಬಿತ್ತು. ಅಪ್ಪ ಕೆಮ್ಮಿದರು. "ಕೇಳಿಸ್ಕೊಂಡ್ಯೇನಪ್ಪಾ?" ಎಂದು ಪುಟ್ಟಮ್ಮ ಹುಡುಗನ ಮುಖ ನೋಡಿದರು. ಊಟಕ್ಕೂ ನಿಲ್ಲದೆ ಎಲ್ಲರೂ ಕಾರು ಹತ್ತಿದರು.

ಒಳ್ಳೆ ಸಂಬಂಧ ತಪ್ಪಿಹೋಯಿತೆಂದು ಅಮ್ಮ ಅತ್ತಳು. ನಾನು ಅಳದಿದ್ದರೂ ಊಟ ಸೇರಲಿಲ್ಲ. ಹುಡುಗ ಪ್ರಸನ್ನ ಕಡೂರಿನಲ್ಲಿ ಪಶುವೈದ್ಯ. ಅಷ್ಟು ಹೊತ್ತೂ ತುಟಿ ಕಚ್ಚಿ ನಗು ತಡೆದುಕೊಂಡಿದ್ದ. ಅದು ನನಗೆ ಹಿಡಿಸಿಬಿಟ್ಟಿತ್ತು.

ಮಾರನೆಯ ದಿನ ಅವನದೇ ಫೋನು. "ಅತ್ತೆ ಒಂದ್ ಮಾತು ಕೇಳು ಅಂದ್ರು ಕಣ್ರೀ. ಬಿಟ್ಟ ಕೈನೇ ಮತ್ತೆ ಬಂದು ಹಿಡಿಯೋದೂ ಉಂಟಾ?"

"ಉಂಟು ಕಣ್ರೀ. ಎಷ್ಟೋ ಸಲ ಹಂಗೇ ಆಗೋದು."

ಆ ಕಡೆಯಿಂದ ಪುಟ್ಟಮ್ಮನ ದನಿ ಕೇಳಿತು: "ಹಂಗಾದ್ರೆ ಪರ್ವಾಗಿಲ್ಲ ಕಣೋ. ಎಲ್ರ್ ಮನೇಲೂ ಅಷ್ಟೇಯ!"

ಮದುವೆಯಾಯಿತು. ಈಗ ಪುಟ್ಟಮ್ಮ, ತಮ್ಮ ಮನೆಯ ಸೊಸೆ "ನೀರಿನ್ ಕೆಲ್ಸದೋಳು" ಎಂದು ಅಜ್ಜಂಪುರದ ಬೀದಿಯಲ್ಲೆಲ್ಲ ಹೆಮ್ಮೆಯಿಂದ ಸಾರಿದ್ದಾರೆ. ಹೋದ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದಾಗ ಪಕ್ಕದ ಮನೆಯ ಶಮೀಮಕ್ಕ ನನ್ನನ್ನು ಕರೆದುಕೊಂಡು ಹೋಗಿ ಸೋರುತ್ತಿದ್ದ ನಲ್ಲಿಯ ಮುಂದೆ ನಿಲ್ಲಿಸಿದರು. "ನೋಡಮ್ಮಾ, ನಿಲ್ತಾನೇ ಇಲ್ಲ." ಇದು ನನ್ನ ಕೆಲಸವಲ್ಲ ಅನ್ನಲು ಪುಟ್ಟಮ್ಮನ ಹೆಮ್ಮೆಯ ಮುಖ ಅಡ್ಡ ಬಂತು. ಗಂಭೀರವಾಗಿ ಹಿಡಿದು ತಿರುಗಿಸಿದೆ. ನಲ್ಲಿಯ ತಲೆ ನನ್ನ ಕೈಗೇ ಬಂತು, ನೀರು ಮುಖಕ್ಕೆ ರಾಚಿತು. ನೀರನ್ನು ಅಷ್ಟು ಹತ್ತಿರದಿಂದ ನಾನು ಲ್ಯಾಬಿನಲ್ಲೂ ನೋಡಿರಲಿಲ್ಲ.