ಮಳೆನೀರಿನ ಸ್ಟೇಷನ್ ಮಾಸ್ಟರ್

ನನ್ನ ಸೋದರಮಾವ ರೈಲ್ವೆಯಿಂದ ನಿವೃತ್ತರಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ! ಅವರ ಕೈಯಿಂದ ರೈಲುಗಳನ್ನು ಕಿತ್ತುಕೊಂಡಿದ್ದಾರೆ, ಅಷ್ಟೇ. ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರೀಗ ಮಳೆನೀರಿಗೆ ಸ್ಟೇಷನ್ ಮಾಸ್ಟರು. ಮಾವ ಮತ್ತು ಮಂಡಿನೋವಿನ ಅತ್ತೆ ನೆಲಮಹಡಿಯಲ್ಲಿದ್ದಾರೆ, ನಾನು ಎರಡನೆಯ ಮಹಡಿಯಲ್ಲಿ. ಸಾಲದ್ದಕ್ಕೆ ನಾನು ಅಸೋಸಿಯೇಷನ್ನಿನ ಸೆಕ್ರೆಟರಿ. ಮಾವನ ಮೇಲಿನ ದೂರುಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ.

ಕಟ್ಟಡದ ಹಿಂದೆ ನಮ್ಮದೇ ಜಾಗದಲ್ಲಿ ಒಂದು ಹಳೆಯ ಕೊಳ. ಸೊಳ್ಳೆ ಬರುತ್ತದೆಂದು ಅದಕ್ಕೂ ನಮಗೂ ನಡುವೆ ಗೋಡೆ ಎಬ್ಬಿಸಿದ್ದೆವು. ಸೊಳ್ಳೆಗೆ ಹಾರಲು ಬರುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ! ಹಿಂದೊಂದು ದೊಡ್ಡ ಮಳೆಯಲ್ಲಿ ಮಾವನ ಮನೆಯೊಳಗೆ ಸೊಂಟದ ಮಟ್ಟ ನೀರು ನುಗ್ಗಿತ್ತು. ಆದರೂ ಆ ಕೊಳ ಮುಚ್ಚಿ ಕಾರ್ ಪಾರ್ಕಿಂಗ್ ಮಾಡೋಣವೆಂದು ಸಭೆಯಲ್ಲಿ ಎಲ್ಲರೂ ಹೊರಟಾಗ ಮಾವ ಎದ್ದರು.

"ಒಂದು ಮಳೆಗಾಲ ಟೈಮ್ ಕೊಡಿ. ನಾನೇನೂ ಮಾಡಲ್ಲ, ಬರೀ ನೋಡ್ತೀನಿ."

ಏನೂ ಮಾಡುವುದಿಲ್ಲ ಎನ್ನುವವರನ್ನು ತಡೆಯುವುದು ಹೇಗೆ? ಸಭೆ ಒಪ್ಪಿತು.

ಮೊದಲ ಜೋರು ಮಳೆಗೆ ಮಾವ ಕೋಯಂಬೇಡು ಹೂಮಾರುಕಟ್ಟೆಯಿಂದ ಮೂರು ಚೀಲ ಬಾಡಿದ ಹೂ ತಂದರು. ರಸ್ತೆಯ ನೀರಿಗೆ ಹಳದಿ ಚೆಂಡುಹೂ, ಗೇಟಿನ ನೀರಿಗೆ ಕೇಸರಿ, ಪಕ್ಕದ ಓಣಿಯ ನೀರಿಗೆ ಕೋಳಿಜುಟ್ಟು! ಕೊಡೆ ಹಿಡಿದು ಗಂಭೀರವಾಗಿ ಹೂ ಚೆಲ್ಲುತ್ತಿದ್ದ ಅವರನ್ನು ಕಂಡು ವಾಚ್‌ಮನ್ ಕೈಮುಗಿದು, "ಯಾರು ಸಾರ್ ತವರಿಟ್ಟಾಂಗ?" ಎಂದು ತಮಿಳಿನಲ್ಲಿ ತೀರಿಕೊಂಡವರ ಬಗ್ಗೆ ವಿಚಾರಿಸಿದ.

"ಯಾರುಮ್ ಇಲ್ಲಪ್ಪಾ. ವಂಡಿ ಇನ್ನುಂ ವರಲೆ!" ಗಾಡಿ ಇನ್ನೂ ಬಂದಿಲ್ಲವಂತೆ! ವಾಚ್‌ಮನ್ ಎರಡು ಹೆಜ್ಜೆ ಹಿಂದೆ ಸರಿದ.

ಗಾಡಿ ಬಂತು. ಮೂರು ಬಣ್ಣದ ಹೂಗಳೂ ಕೊಳದ ದಿಕ್ಕಿಗೇ ಓಡಿ, ನಮ್ಮ ಸೊಳ್ಳೆಗೋಡೆಗೆ ಬಡಿದು, ತಿರುಗಿ ಮಾವನ ಮೆಟ್ಟಿಲಿಗೇ ಬಂದು ನಿಂತವು. ಎಲ್ಲರೂ ಬಾಲ್ಕನಿಯಿಂದ ಕಣ್ಣಾರೆ ಕಂಡರು. ಮಳೆಗಾಲ ಮುಗಿದ ಮೇಲೆ ಗೋಡೆಯ ಬುಡ ಒಡೆಸಿ, ಕೊಳದ ಕಸ ತೆಗೆಸಿದೆವು. ಪಾರ್ಕಿಂಗ್ ನಕ್ಷೆ ಮಾತ್ರ ನನ್ನ ಫೈಲಿನಲ್ಲಿ ಭದ್ರವಾಗಿತ್ತು. ಯಾರಿಗೆ ಗೊತ್ತು, ಬೇಕಾದೀತು!

ಆಮೇಲೆ ನನಗೂ ಹುಮ್ಮಸ್ಸು ಬಂತು ನೋಡಿ. ಮೂವತ್ತು ಗಿಡ ತರಿಸಿ, ಕೊಳದೊಳಗೇ ನೆಡಿಸಿ, ಫೋಟೊಗೆ ನಿಂತೆ.

"ಇದೇನೋ ಇದು?"

"ಹಸಿರು ಮಾವ, ಹಸಿರು!"

"ನೀರು ನಿಲ್ಲೋ ಜಾಗದಲ್ಲಿ ಮರ ನೆಡೋದು, ಪ್ಯಾಸೆಂಜರನ್ನ ಹಳಿ ಮೇಲೆ ಕೂರಿಸಿದ ಹಾಗೆ ಕಣೋ. ಇಲ್ಲಿ ಮೊದಲು ಏನು ಬೆಳೀತಿತ್ತು ಅಂತ ಯಾರನ್ನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಮಾವ ಕೇಳಿದ್ದರು, ಇಲ್ಲೇ ಹುಟ್ಟಿ ಬೆಳೆದ ಅದೇ ವಾಚ್‌ಮನ್‌ನನ್ನು. ಜೊಂಡು ಹುಲ್ಲಿತ್ತಂತೆ, ಅದರೊಳಗೆ ಕೊಕ್ಕರೆಗಳಿದ್ದವಂತೆ. ಗಿಡಗಳನ್ನು ಕಿತ್ತು ರಸ್ತೆಬದಿಗೆ ಸಾಗಿಸಿದ ಮಾವ, ಎಲ್ಲಿಂದಲೋ ಕೆಸರು ಸಮೇತ ಜೊಂಡಿನ ಬುಡಗಳನ್ನು ಲೋಕಲ್ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.

"ಹುಲ್ಲಿಗೂ ಪಾಸ್ ಮಾಡಿಸಿದ್ರಾ?" ಎಂದರು ಅತ್ತೆ.

ಇಷ್ಟಕ್ಕೆ ಮುಗಿಯಿತೇ? ಪ್ರತಿ ಭಾನುವಾರ ಎಲ್ಲರೂ ಮೊಣಕಾಲುದ್ದ ನೀರಿಗಿಳಿದು ಅಂತರಗಂಗೆ ಕಳೆ ಕೀಳಬೇಕು! "ನೆಟ್ಟವನಿಗೆ ಫೋಟೊ ಇಲ್ಲ, ವರ್ಷವಿಡೀ ಕಿತ್ತವನಿಗೆ ಮಾತ್ರ" ಎಂದು ಮಾವನ ಆಜ್ಞೆ. ನನ್ನ ಫೋಟೊ ಇನ್ನೂ ಬಾಕಿಯಿದೆ.

ಕಳೆದ ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೆದರುತ್ತಲೇ ಕೆಳಗಿಳಿದೆ. ಕೊಳ ತುಂಬಿ ತುಳುಕುತ್ತಿತ್ತು, ಜೊಂಡಿನಲ್ಲಿ ಒಂದು ಕೊಕ್ಕರೆ ಸಹ! ಮಾವ ತಮ್ಮ ಬಾಗಿಲ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು.

"ಎಷ್ಟು ಬಂತು ಮಾವ?"

"ಒಂದೇ ಮೆಟ್ಟಿಲು." ತಲೆ ಎತ್ತಲಿಲ್ಲ. "ಆ ದೊಡ್ಡ ಮಳೇಲಿ ನಿಮ್ಮತ್ತೇನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ ನಾಲ್ಕು ಜನ ಟೆರೇಸಿಗೆ ಹೊತ್ಕೊಂಡು ಹೋದರಲ್ಲ... ಸೆರಗಲ್ಲಿ ಮುಖ ಮುಚ್ಕೊಂಡಿದ್ಲು ಕಣೋ. ಇನ್ನೊಂದ್ ಸಲ ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಆ ಕುರ್ಚಿಯ ಒಂದು ಕಾಲನ್ನು ಹಿಡಿದಿದ್ದವನು ನಾನೇ. ಅತ್ತೆಯ ಮುಖ ನಾನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಪಾರ್ಕಿಂಗ್ ನಕ್ಷೆಯನ್ನು ಅಂದೇ ಹರಿದುಹಾಕಿದೆ.

ಮಾವ ಮಾತು ಮುಗಿಸುವಷ್ಟರಲ್ಲಿ ಒಳಗಿನಿಂದ ವಾಕರಿನ ಟಕ್ ಟಕ್ ಸದ್ದು. ಅತ್ತೆ ತಾವಾಗಿಯೇ ನಡೆದು ಬಾಗಿಲಿಗೆ ಬಂದರು. ಒಂದು ಕೈಯಿಂದ ಮಾವನ ಭುಜ ಹಿಡಿದು, ಬಗ್ಗಿ ಗೆರೆ ನೋಡಿದರು.

"ಸೊಟ್ಟಗಿದೆ" ಎಂದರು. ಕೈ ಮಾತ್ರ ತೆಗೆಯಲಿಲ್ಲ.